ಉಚಿತ ಟೆಂಪ್ಲೇಟ್: ಮೊದಲು ಲೈಸೆನ್ಸ್ ಫೈಲ್ ಹಾಕಿ

ಸ್ಟಾರ್ಟಪ್‌ಗಳಿಗೆ 12 ವೆಬ್‌ಸೈಟ್ ಟೆಂಪ್ಲೇಟ್ (ಸಿದ್ಧ ವಿನ್ಯಾಸ) ಉಚಿತವಾಗಿ ಬಿಡುವ ಮುನ್ನ ಏನು ನೋಡಬೇಕು ಎಂದು ಕೇಳಿದ್ದೀರಿ. ಲೈಸೆನ್ಸ್, ಅಂದರೆ ಬಳಕೆಯ ಅನುಮತಿ ಪತ್ರ, ನೋಡಿ. ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಕೋಡ್ ಕಾಣುತ್ತದೆ ಎಂದಮಾತ್ರಕ್ಕೆ ಬಳಸುವ ಹಕ್ಕು ಯಾರಿಗೂ ಸಿಗದು. ಲೈಸೆನ್ಸ್ ಇಲ್ಲದ್ದನ್ನು ಎಚ್ಚರವಿರುವವರು ಮುಟ್ಟುವುದಿಲ್ಲ. ಯಾರು ಬೇಕಾದರೂ ಬಳಸಲು ಬಿಡುವ ಎಂಐಟಿ ಲೈಸೆನ್ಸ್ ಹಾಕಿ. ಕೋಡ್ ಜೊತೆ ನಿಮ್ಮ ಹಕ್ಕುಸ್ವಾಮ್ಯದ ಸಾಲೂ ಲೈಸೆನ್ಸ್‌ನ ಪಠ್ಯವೂ ಉಳಿದರೆ ಸಾಕು, ಪುಟದಲ್ಲಿ ಹೆಸರು ಕಾಣಬೇಕೆಂದಿಲ್ಲ.

ಹೆಚ್ಚಿನವರು ಎಡವುವುದು ಮುಂದೆ: ಆ ಲೈಸೆನ್ಸ್ ನಿಮ್ಮ ಕೋಡ್‌ಗೆ ಮಾತ್ರ, ಡೆಮೊದ ಫೋಟೊ, ಐಕಾನ್, ಫಾಂಟ್ ಬೇರೆಯವರವು. ಡೌನ್‌ಲೋಡ್‌ಗೆ ಕೊಡುವ ಜಿಪ್ ಫೈಲ್‌ನಲ್ಲಿ ಫೋಟೊ ಬದಲು ಬೂದು ಎಸ್‌ವಿಜಿ (ಕೋಡ್‌ನಿಂದ ಬರೆದ ಚಿತ್ರ) ಚೌಕ ಇಡಿ. ಕನ್ನಡ ಪುಟಕ್ಕೆ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಒಳ್ಳೆಯದು, ಅದರ ಓಪನ್ ಫಾಂಟ್ ಲೈಸೆನ್ಸ್ ಫೈಲನ್ನೂ ಜೊತೆಗಿಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.6 ಪಟ್ಟು ಇರಲಿ.

ಡೆಮೊಗೆ ಗಿಟ್‌ಹಬ್‌ನದೇ ವೆಬ್ ಹೋಸ್ಟಿಂಗ್ ಸೇವೆ ಗಿಟ್‌ಹಬ್ ಪೇಜಸ್ ಸಾಕು, ಸೈಟ್ 1 ಜಿಬಿ ಮೀರಬಾರದು. ಅಲ್ಲಿ ಸರ್ವರ್ ಕೋಡ್ ಓಡದು, ಹಾಗಾಗಿ ಸಂಪರ್ಕ ಫಾರ್ಮ್ ತಾನಾಗಿ ಮೇಲ್ ಕಳಿಸುವುದಿಲ್ಲ. ಇದನ್ನು ರೀಡ್‌ಮಿ (ಬಳಸುವವರಿಗೆ ಮಾಹಿತಿ ಕೊಡುವ ಫೈಲ್) ಮೇಲ್ಭಾಗದಲ್ಲೇ ಬರೆಯಿರಿ.