ಚಿತ್ರ ಮೊದಲು, ಹಾಡು ಆಮೇಲೆ

ಪ್ರಶ್ನೆ: ‘ಬ್ಲ್ಯಾಕ್ ರಾಕ್ ಶೂಟರ್’ ಅನ್ನೋ ಜಪಾನಿ ಅನಿಮೆ (ಕಾರ್ಟೂನ್ ಸರಣಿ) ಒಂದು ಹಾಡಿನಿಂದ ಹುಟ್ಟಿದ್ದು ಅಂತ ಗೆಳತಿ ಹೇಳಿದಳು. 8 ಕಂತನ್ನೂ ಒಂದೇ ಭಾನುವಾರ ನೋಡಿ ಮುಗಿಸಿದೆ. ಆಮೇಲೆ ಹಾಡು ಕೇಳಿದೆ, ಅರ್ಥವನ್ನೂ ಓದಿದೆ. ಅದರಲ್ಲಿ ಈ ಕಥೆಯೇ ಇಲ್ಲವಲ್ಲ!
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ನಮ್ಮ ಲಾವಣಿಗಳಲ್ಲಾದರೆ ಕಥೆ ಹಾಡಿನ ಹೊಟ್ಟೆಯಲ್ಲೇ ಇರುತ್ತದೆ. ಇಲ್ಲಿ ಹಾಗಲ್ಲ. ಹಾಡಿಗಿಂತಲೂ ಮೊದಲು ಇದ್ದದ್ದು ಒಂದು ಚಿತ್ರ. ಹುಕೆ ಅನ್ನೋ ಹೆಸರಿನ ಕಲಾವಿದರು ಒಬ್ಬ ಹುಡುಗಿಯನ್ನು ಬರೆದಿದ್ದರು: ಕಪ್ಪು ಕೋಟು, ಒಂದು ಉದ್ದ ಒಂದು ಗಿಡ್ಡ ಎರಡು ಜುಟ್ಟು, ಕಣ್ಣಲ್ಲಿ ಉರಿಯುವ ನೀಲಿ ಬೆಂಕಿ. ಸೂಪರ್‌ಸೆಲ್ ಅನ್ನೋ ಸಂಗೀತ ತಂಡದ ರಿಯೊ ಅದನ್ನು ನೋಡಿ ಹಾಡು ಕಟ್ಟಿದರು. 2008ರ ಜೂನ್‌ನಲ್ಲಿ ಅದು ನಿಕೊ ನಿಕೊ ಡೌಗಾ ಅನ್ನೋ ಜಪಾನಿ ವಿಡಿಯೊ ತಾಣದಲ್ಲಿ ಬಂತು. ಹಾಡಿದ್ದು ಹಾತ್ಸುನೆ ಮಿಕು. ಮಿಕು ಗಾಯಕಿಯಲ್ಲ, ಸಾಫ್ಟ್‌ವೇರು. ಸಾಕಿ ಫುಜಿತಾ ಅನ್ನೋ ಕಲಾವಿದೆಯ ದನಿಯಿಂದ ಸಪ್ಪೊರೊದ ಕ್ರಿಪ್ಟನ್ ಕಂಪನಿ ಮಾಡಿದ್ದು.

ಆ ಹಾಡಲ್ಲಿ ಇರೋದು ಒಂದು ಕೂಗು, ಅಷ್ಟೇ. ಎಲ್ಲಿ ಹೋದೆ, ನನ್ನ ದನಿ ಕೇಳಿಸ್ತಿದೆಯಾ ಅಂತ. 2012ರಲ್ಲಿ ಫುಜಿ ಟಿವಿಗೆ ಸರಣಿ ಬರೆಯಲು ಕೂತ ಮಾರಿ ಒಕಾಡಾ ಅವರ ಕೈಯಲ್ಲಿ ಹಾಡಿನಿಂದ ಸಿಕ್ಕಿದ್ದು ಆ ಕೂಗೇ. ಯಾರು ಯಾರನ್ನು ಕೂಗ್ತಿದ್ದಾರೆ, ಯಾಕೆ ಅನ್ನೋದನ್ನು ಅವರು ಶಾಲೆಗೆ ಹೋಗೋ ಹುಡುಗಿಯರ ಗೆಳೆತನದಲ್ಲಿ ಹುಡುಕಿದರು ಅಂತ ನನಗನ್ನಿಸುತ್ತದೆ. ಈ ಲೋಕದ ಹುಡುಗಿಯರ ನೋವನ್ನು ಬೇರೊಂದು ಲೋಕದಲ್ಲಿ ಅವರದೇ ಇನ್ನೊಂದು ರೂಪ ಹೊತ್ತು ಹೊಡೆದಾಡುತ್ತದೆ. ಆ ರೂಪ ಸತ್ತರೆ ಇಲ್ಲಿಯವಳಿಗೆ ಆ ನೋವೂ ಮರೆತುಹೋಗುತ್ತದೆ, ಅದರ ಜೊತೆಗಿದ್ದ ಪ್ರೀತಿಯೂ ಹೋಗುತ್ತದೆ. ಎಂಥ ಸಂಕಟ ನೋಡಿ! ಪ್ರತಿ ಕಂತಿನ ಶುರುವಿನಲ್ಲಿ ಅದೇ ಹಾಡು ಮಿಕುವಿನ ದನಿಯಲ್ಲೇ ಬರುತ್ತದೆ. ಕಥೆ ಗೊತ್ತಾದ ಮೇಲೆ ಇನ್ನೊಮ್ಮೆ ಕೇಳಿ, ಆ ಕೂಗು ಬೇರೆಯಾಗಿಯೇ ಕೇಳಿಸುತ್ತದೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಣ್ಣ ಸಂಗತಿ. ಸರಣಿಯ ಇಬ್ಬರು ಹುಡುಗಿಯರು, ಮಾತೊ ಮತ್ತು ಯೋಮಿಯನ್ನು ಹತ್ತಿರ ತರುವುದು ಪುಟ್ಟ ಹಕ್ಕಿಗಳ ಆಟದ ಒಂದು ಚಿತ್ರಪುಸ್ತಕ. ಯೋಮಿಯ ಮನೆತನದ ಹೆಸರು ತಕಾನಾಶಿ. ಓದಿದರೆ ‘ಗಿಡುಗ ಇಲ್ಲ’ ಅಂತ ಕೇಳಿಸುತ್ತದೆ, ಆದರೆ ಬರೆಯುವ ಅಕ್ಷರಗಳ ಅರ್ಥ ‘ಪುಟ್ಟ ಹಕ್ಕಿಗಳ ಆಟ’. ಗಿಡುಗ ಇಲ್ಲದ ಕಡೆ ತಾನೇ ಗುಬ್ಬಚ್ಚಿಗಳು ಧೈರ್ಯವಾಗಿ ಆಡೋದು? ಜಪಾನಿನಲ್ಲಿ ಇದು ನಿಜಕ್ಕೂ ಇರುವ ಹೆಸರು. ಹೀಗಿರುವಾಗ ಆ ಯೋಮಿಯ ಮನೆಗೇ ಹೋದ ಮಾತೊಗೆ ಗಾಲಿಕುರ್ಚಿಯಲ್ಲಿ ಕೂತ ಕಗಾರಿ ಎದುರಾಗುತ್ತಾಳೆ, ಯೋಮಿ ನನ್ನವಳು ಅಂತ ಗಟ್ಟಿಯಾಗಿ ಹಿಡಿದುಕೊಂಡವಳು. ಈ ಮನೆಯಲ್ಲಿ ಗಿಡುಗ ಇದೆ ಅಂತ ನಮಗೆ ಅಲ್ಲೇ ಹೊಳೆಯುತ್ತದೆ, ಅಲ್ವಾ?

ಪ್ರಶ್ನೆ: 7ನೇ ಕ್ಲಾಸಿನ ಮಗಳು ಇದನ್ನೇ ನೋಡ್ತೀನಿ ಅಂತ ಹಟ ಮಾಡ್ತಿದ್ದಾಳೆ. ಬಿಡಬಹುದಾ? ಇದರಲ್ಲಿ ಎರಡು ಮೂರು ಥರ ಇವೆಯಂತೆ, ಯಾವುದು ಮೊದಲು?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಒಬ್ಬಳನ್ನೇ ಕೂರಿಸಬೇಡಿ ಅಮ್ಮ, ಜೊತೆಗೆ ನೀವೂ ಕೂತು ನೋಡಿ. ಆ ಇನ್ನೊಂದು ಲೋಕದ ಕಾದಾಟ ತುಂಬಾ ಕ್ರೂರವಾಗಿದೆ. ಅದಕ್ಕಿಂತ ನನಗೆ ಜಾಸ್ತಿ ಭಾರ ಅನ್ನಿಸಿದ್ದು ಶಾಲೆಯ ಭಾಗ. ಗೆಳತಿಯರು ಒಬ್ಬರನ್ನೊಬ್ಬರು ಮಾತಲ್ಲೇ ನೋಯಿಸುವುದು, ಮಕ್ಕಳನ್ನು ಕರೆದು ಕಾಫಿ ಕೊಟ್ಟು ಮಾತಾಡಿಸುವ ಕೌನ್ಸೆಲರ್‌ ಕೂಡ ಅಂದುಕೊಂಡ ಹಾಗೆ ಇರದಿರುವುದು. ನಿಮ್ಮ ಮಗಳ ವಯಸ್ಸಿನವರಿಗೆ ಇದು ನೇರವಾಗಿ ತಾಗುತ್ತದೆ. ಮೊದಲ ಎರಡು ಕಂತು ನೀವೇ ನೋಡಿಬಿಡಿ, ಒಂದೊಂದೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ತೀರ್ಮಾನ ಮಾಡಿ.

2010ರಲ್ಲಿ ಬಂದದ್ದು ಸುಮಾರು 50 ನಿಮಿಷದ ಒಂದೇ ಕಂತು. ಹುಡುಗಿಯರ ಹೆಸರು ಅವೇ, ಕಥೆ ಸರಣಿಯದಲ್ಲ. 2022ರದ್ದು 12 ಕಂತು, ಅದರ ಕಥೆ ಪೂರ್ತಿ ಬೇರೆ. ಒಂದು ನೋಡದಿದ್ದರೆ ಇನ್ನೊಂದು ಅರ್ಥವಾಗಲ್ಲ ಅಂತೇನಿಲ್ಲ. ಮಗಳು ಕೇಳ್ತಿರೋದು ಹಾಸನದ ಓದುಗರು ಹೇಳಿದ 8 ಕಂತಿನದ್ದೇ ಇರಬೇಕು, ಅದರಿಂದಲೇ ಶುರು ಮಾಡಿ.