ಅಮ್ಮನ ಹೃದಯದ ಎಕೋ ಸ್ಕ್ಯಾನಿನಲ್ಲಿ ಗಡ್ಡೆ ಕಂಡಿದೆ ಅಂದವರಿಗೆ

ಇದು ಮಿಕ್ಸೋಮಾ, ಅಂದರೆ ಹೃದಯದೊಳಗೆ ಬೆಳೆಯೋ ಒಂದು ಬಗೆಯ ಗಡ್ಡೆ ಇರಬಹುದು. ಅಮ್ಮನಿಗೆ 52 ವರ್ಷ, ಮಲಗಿದರೆ ದಮ್ಮು, ಎದ್ದು ಕೂತರೆ ಆರಾಮ, ಚಿಂತಾಮಣಿಯಲ್ಲಿ ಮಾಡಿಸಿದ ಎಕೋದಲ್ಲಿ ಹೃದಯದ ಎಡ ಮೇಲ್ಕೋಣೆಯ ಗೋಡೆಗೆ ತೊಟ್ಟಿನಿಂದ ಅಂಟಿಕೊಂಡ ಗಡ್ಡೆ ಅಂತ ಬರೆದಿದ್ದೀರಲ್ಲ, ನಮ್ಮತ್ತೆಗೂ ಹೆಚ್ಚುಕಡಿಮೆ ಹೀಗೇ ಇತ್ತು. ಪರದೆಯಲ್ಲಿ ಅದು ಪ್ರತಿ ಬಡಿತಕ್ಕೂ ಕವಾಟದೊಳಗೆ ಇಣುಕಿ ವಾಪಸ್ ಹೋಗುತ್ತಿತ್ತು. ಮಿಕ್ಸೋಮಾ ಕ್ಯಾನ್ಸರ್ ಅಲ್ಲ. ಆದರೆ ರಕ್ತದ ಹೆಪ್ಪೂ ಕೆಲವು ಸಲ ಹೀಗೇ ಕಾಣುತ್ತೆ. ಪಕ್ಕಾ ಆಗೋದು ತೆಗೆದ ಮೇಲೆ, ಲ್ಯಾಬಿನಲ್ಲಿ ಅದರ ಚೂರನ್ನು ಪರೀಕ್ಷಿಸುವ ಬಯಾಪ್ಸಿಯಲ್ಲಿ.

ಈ ವಾರವೇ ಎಕೋ ಸಿಡಿ ಹಿಡಿದು ಬೆಂಗಳೂರಿನ ಜಯದೇವಕ್ಕೋ, ತೆರೆದ ಹೃದಯದ ಆಪರೇಷನ್ ಮಾಡುವ ಬೇರೆ ಆಸ್ಪತ್ರೆಗೋ ಹೋಗಿ. ಆಧಾರ್, ಬಿಪಿಎಲ್ ಕಾರ್ಡು ಮರೀಬೇಡಿ. ಗಂಟಲೊಳಗೆ ಕೊಳವೆ ಇಳಿಸಿ ಇನ್ನೊಂದು ಎಕೋ ಮಾಡಬಹುದು, ಟಿಇಇ ಅಂತಾರೆ. ಈ ವಯಸ್ಸಿಗೆ ಆಪರೇಷನ್ನಿಗೆ ಮುಂಚೆ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಮ್ ಕೂಡ ಕೇಳುತ್ತಾರೆ, ಹೆದರಬೇಡಿ. ಮಿಕ್ಸೋಮಾನೇ ಆಗಿದ್ದರೆ ಮಾತ್ರೆಗೆ ಕರಗಲ್ಲ. ಗಡ್ಡೆಯನ್ನು ಬುಡದ ಗೋಡೆಯ ಚೂರಿನ ಸಮೇತ ತೆಗೀತಾರೆ. ಇಲ್ಲದಿದ್ದರೆ ಮತ್ತೆ ಬೆಳೆಯೋ ಸಾಧ್ಯತೆ ಜಾಸ್ತಿ. ಆಮೇಲೂ ಡಾಕ್ಟರ್ ಹೇಳಿದಾಗೆಲ್ಲ ಎಕೋ ಮಾಡಿಸಬೇಕು.

ಅಲ್ಲಿವರೆಗೆ ಒಂದು ದೊಡ್ಡ ಭಯ, ಗಡ್ಡೆಯ ಚೂರು ಕಿತ್ತು ಮಿದುಳಿಗೆ ಹೋಗೋದು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಎತ್ತಲಾಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.