ಕೋಡ್ ನೇಮ್ ನೋಡಿ ಕೋಸ್ಟರ್ ಹೆಸರು ಊಹಿಸಬಹುದಾ?

ಅಮ್ಯೂಸ್‌ಮೆಂಟ್ ಪಾರ್ಕಿನವರು ಕೊಟ್ಟ ಪ್ರಾಜೆಕ್ಟ್ ಹೆಸರೇ ಕೊನೆಗೆ ರೋಲರ್ ಕೋಸ್ಟರ್‌ನ ಹೆಸರಾಗುತ್ತಾ, ಅದರಿಂದ ಥೀಮ್ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಇಲ್ಲ. ಇಂಗ್ಲೆಂಡಿನ ಥಾರ್ಪ್ ಪಾರ್ಕ್ ನೋಡಿ. ‘ಪ್ರಾಜೆಕ್ಟ್ ಎಕ್ಸೋಡಸ್’ ಅಂತ ಶುರುವಾದದ್ದು 2024ರ ಮೇನಲ್ಲಿ ‘ಹೈಪೀರಿಯಾ’ ಆಗಿ ತೆರೆಯಿತು. ಥೀಮ್ ರೆಕ್ಕೆ ಮತ್ತು ಹಾರಾಟದ್ದು. ಎಕ್ಸೋಡಸ್, ಅಂದರೆ ಸಾಮೂಹಿಕ ವಲಸೆ, ಅನ್ನೋ ಪದವನ್ನು ಹಿಡಿದು ಇದನ್ನು ಊಹಿಸೋದು ಹೇಗೆ ಹೇಳಿ!

ಇಂಗ್ಲೆಂಡಿನದೇ ಇನ್ನೊಂದು ಪಾರ್ಕ್ ಆಲ್ಟನ್ ಟವರ್ಸ್‌ನವರಂತೂ ‘ಸೀಕ್ರೆಟ್ ವೆಪನ್’ ಅಂತ ಬರೀ ನಂಬರ್ ಕೊಡುತ್ತಾರೆ. ಏಳನೆಯದು ‘ದಿ ಸ್ಮೈಲರ್’ ಆಯಿತು, ಎಂಟನೆಯದು ‘ವಿಕರ್ ಮ್ಯಾನ್’.

ನನ್ನ ಪ್ರಕಾರ ಹೆಸರಿಗಿಂತ ಜಾಗವನ್ನು ನೋಡಬೇಕು. ಆಲ್ಟನ್ ಟವರ್ಸ್‌ನಲ್ಲಿ ಮರಗಳ ತುದಿಗಿಂತ ಎತ್ತರಕ್ಕೆ ಕಟ್ಟುವ ಹಾಗಿಲ್ಲ. ಅದಕ್ಕೇ 1994ರ ‘ನೆಮೆಸಿಸ್’ಗೆ ಬಂಡೆ ಸಿಡಿಸಿ ಗುಂಡಿ ತೋಡಿದರು. ಥೀಮ್ ಏನು ಗೊತ್ತಾ? ನೆಲದಡಿಯಿಂದ ಎದ್ದ ವಿಚಿತ್ರ ಜೀವಿ! ಗುಂಡಿಗೆ ಹೊಂದುವ ಕಥೆ ಅಲ್ವಾ? ಇಷ್ಟು ಚೆನ್ನಾಗಿ ಜಾಗಕ್ಕೂ ಕಥೆಗೂ ಹೊಂದಿಸಿದ ಕೋಸ್ಟರ್ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ. ಇನ್ನು ಥಾರ್ಪ್ ಪಾರ್ಕಿನ ಹೈಪೀರಿಯಾ ಸುಮಾರು 72 ಮೀಟರ್ ಎತ್ತರ, ಬ್ರಿಟನ್ನಿನಲ್ಲೇ ಅತಿ ಎತ್ತರದ್ದು. ಅಷ್ಟು ಎತ್ತರಕ್ಕೆ ಆಕಾಶದ ಕಥೆಯೇ ಸರಿ.

ಹಾಗಾಗಿ ನೀವು ಮೊದಲು ಕಟ್ಟಡ ಅನುಮತಿಯ ಅರ್ಜಿ ಹುಡುಕಿ. ಎತ್ತರ, ಸುರಂಗ, ಟ್ರ್ಯಾಕ್ ಮರದ್ದೋ ಉಕ್ಕಿನದ್ದೋ ಅನ್ನೋದು ಅದರಲ್ಲಿ ಸಿಗುತ್ತದೆ. ಹೆಸರಿಗೆ ಟ್ರೇಡ್‌ಮಾರ್ಕ್ ದಾಖಲೆ ನೋಡಿ, ಅದು ಎಲ್ಲರಿಗೂ ತೆರೆದಿರುತ್ತದೆ. ಆದರೆ ಒಂದೇ ಕಂಪನಿ ಹಲವು ಹೆಸರು ನೋಂದಾಯಿಸಿ ಇಟ್ಟುಕೊಳ್ಳಬಹುದು, ಮೊದಲು ಸಿಕ್ಕಿದ್ದಕ್ಕೇ ಅಂಟಿಕೊಳ್ಳಬೇಡಿ.